ಬಡನೆಲದ ಇಬ್ಬನಿ ಗಿಡ

ಕಂದಾಯದ ದಫ್ತರಗಳಲ್ಲಿ 'ಖರಾಬು' ಎಂಬ ಮಾತೊಂದುಂಟು. ಕರ್ನಾಟಕದ ಪಹಣಿಯಲ್ಲಿಯೂ ಅದೇ ಮಾತು, ನಾವಿರುವ ತೆಲಂಗಾಣದ ಪಹಣಿಯಲ್ಲಿಯೂ ಅದೇ. ಉತ್ತು ಬಿತ್ತಲು ಬಾರದ ಕಲ್ಲುಹಾಸು, ಜಲ್ಲಿನೆಲ, ಮೋಟುಹುಲ್ಲಿನ ದಿಣ್ಣೆ ಎಲ್ಲವೂ ಅದರೊಳಗೆ ಸೇರುತ್ತವೆ. ಲೇಖನಿ ಹಿಡಿದು ಕೂತ ನನ್ನಂಥವರಿಗೆ ಇದು ಬಹು ಅನುಕೂಲದ ಮಾತು. ಒಮ್ಮೆ ಬರೆದಿಟ್ಟರಾಯಿತು, ಮತ್ತೆ ಯಾರೂ ಆ ನೆಲವನ್ನು ನೋಡಲು ಹೋಗುವುದಿಲ್ಲ. ಇಂಥ ನೆಲವನ್ನೇ ಆರಿಸಿಕೊಂಡು ಬಾಳುವ ಒಂದು ಪುಟ್ಟ ಹೂವಿನ ಗಿಡವನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದಿದ್ದೇನೆ.

ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಡ್ರಾಸೆರಾ. ಇಬ್ಬನಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ಮನೆಯಲ್ಲಿ ಹೋಮಿಯೋಪತಿ ಪೆಟ್ಟಿಗೆ ಇಟ್ಟುಕೊಂಡಿರುವವರು ನಾಯಿಕೆಮ್ಮಿನ ಗುಳಿಗೆಯ ಸೀಸೆಯ ಮೇಲೆ ಈ ಹೆಸರನ್ನು ಕಂಡಿರಬಹುದು. ಅದು ಇದರ ಯೂರೋಪಿನ ದಾಯಾದಿಯಿಂದ ಮಾಡಿದ್ದು. ನಮ್ಮಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ. ಡ್ರಾಸೆರಾ ಪೆಲ್ಟೇಟಾ ಬಾಬಾಬುಡನ್‌ಗಿರಿ, ಕುದುರೆಮುಖಗಳ ಎತ್ತರದ ಹುಲ್ಲುಗಾವಲಿನದು. ಇನ್ನೆರಡು ಬಯಲುಸೀಮೆಗೂ ಇಳಿದು ಬಂದಿವೆ. ಡ್ರಾಸೆರಾ ಇಂಡಿಕಾ ಎಂಬುದಕ್ಕೆ ದಾರದಂತೆ ಸಣಕಲಾದ ಎಲೆ, ನಸುಗೆಂಪು ಹೂ. ೧೭೫೩ರಲ್ಲಿ ಹೆಸರಿಟ್ಟವನು ಲಿನೇಯಸ್. ಡ್ರಾಸೆರಾ ಬರ್ಮಾನೈ ಎಂಬುದು ನೆಲಕ್ಕೆ ಅಂಟಿಕೊಂಡ ಕೆಂಪು ಚಕ್ರ, ಅಗಲದಲ್ಲಿ ಒಂದು ರೂಪಾಯಿ ನಾಣ್ಯದಷ್ಟು. ಅದರ ನಡುವಿನಿಂದ ಕಡ್ಡಿಯೊಂದೆದ್ದು ತುದಿಯಲ್ಲಿ ಪುಟಾಣಿ ಬಿಳಿ ಹೂಗಳನ್ನು ಹೊರುತ್ತದೆ. ತುಮಕೂರಿನ ದೇವರಾಯನದುರ್ಗದ ಸುತ್ತ ಇವೆರಡೂ ಉಂಟು. ತೆಲಂಗಾಣದ ಸಸ್ಯಪಟ್ಟಿಯಲ್ಲಿಯೂ ಎರಡಕ್ಕೂ ಸ್ಥಾನವಿದೆ.

ಇಬ್ಬನಿ ಎಂದೆನಷ್ಟೆ. ಎಲೆಯ ತುಂಬ ಸಣ್ಣ ಸಣ್ಣ ರೋಮಗಳು, ಒಂದೊಂದರ ತುದಿಯಲ್ಲಿಯೂ ಒಂದೊಂದು ಹನಿ. ಆದರೆ ಹುಲ್ಲಿನ ಮೇಲಿನ ನಿಜವಾದ ಇಬ್ಬನಿ ಬಿಸಿಲೇರಿದೊಡನೆ ಆರಿಹೋದರೆ, ಇದು ನಡುಹಗಲಿನಲ್ಲಿಯೂ ಥಳಥಳಿಸುತ್ತಲೇ ಇರುತ್ತದೆ. ಏಕೆಂದರೆ ಅದು ನೀರಲ್ಲ, ಅಂಟು. ಹೊಳಪು ಕಂಡು ಬಂದು ಕೂತ ನುಸಿಗೆ ಮತ್ತೆ ಏಳುವ ಯೋಗವಿಲ್ಲ. ಸುತ್ತಲಿನ ರೋಮಗಳು ಬಾಗಿ ಅದನ್ನು ಅಮುಕುತ್ತವೆ. ಬರ್ಮಾನೈಯಲ್ಲಿ ಅಂಚಿನ ರೋಮಗಳು ಬಾಗುವುದು ಕೆಲವೇ ಸೆಕೆಂಡುಗಳಲ್ಲಿ. ಅನಂತರ ಎಲೆಯಿಂದ ಜೀರ್ಣರಸ ಒಸರಿ, ಕೆಲವು ದಿನಗಳಲ್ಲಿ ಕೀಟದ ಹೊಟ್ಟು ಮಾತ್ರ ಉಳಿಯುತ್ತದೆ. ಹೂವನ್ನು ಮಾತ್ರ ಈ ಬಲೆಯಿಂದ ಮೇಲಕ್ಕೆ, ಕಡ್ಡಿಯ ತುದಿಗೆ ಎತ್ತಿ ಹಿಡಿದಿರುವುದು ಸೋಜಿಗ. ಅಡಿಗೆಮನೆ ಕೆಳಗೆ, ನೆಂಟರ ಚಾವಡಿ ಮೇಲೆ!

ಗಿಡಕ್ಕೆ ಈ ಬೇಟೆಯ ಬದುಕು ಏತಕ್ಕೆ? ಕಲ್ಲುಹಾಸಿನ ಮೇಲಿನ ಬೆರಳುದ್ದದ ಮಣ್ಣಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಮಳೆ ನಿಂತ ಮೇಲೂ ಬಂಡೆಯಿಂದ ಒಸರುವ ನೀರು ಕೆಲವು ವಾರ ಸಿಗುತ್ತದೆ. ಅಷ್ಟರೊಳಗೆ ಮೊಳೆತು, ಹೂಬಿಟ್ಟು, ಧೂಳಿನಂಥ ಬೀಜ ಉದುರಿಸಿ ಮುಗಿಯಬೇಕು. ಉಳಿದ ತಿಂಗಳುಗಳಲ್ಲಿ ನೆಲ ಕಾದ ಕಾವಲಿಯಂತಿರುತ್ತದೆ. ಬೇರಿಗೆ ಸಿಗದ ಪೋಷಣೆಯನ್ನು ಎಲೆ ದುಡಿದು ತರುತ್ತದೆ. ಚಾರ್ಲ್ಸ್ ಡಾರ್ವಿನ್ ೧೮೬೦ರಿಂದ ಇದರ ಇಂಗ್ಲೆಂಡಿನ ಜಾತಿಯೊಂದನ್ನು ಪರೀಕ್ಷಿಸುತ್ತ ಕೂತು, ೧೮೭೫ರಲ್ಲಿ ಕೀಟಾಹಾರಿ ಸಸ್ಯಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಆಗಲೂ ಕೆಲವರು ನಂಬಲಿಲ್ಲ. ಅವನ ಮಗ ಫ್ರಾನ್ಸಿಸ್ ೧೮೭೮ರಲ್ಲಿ, ಮಾಂಸದ ಚೂರು ತಿನ್ನಿಸಿದ ಗಿಡಗಳು ಉಪವಾಸವಿದ್ದ ಗಿಡಗಳಿಗಿಂತ ಎಷ್ಟೋ ಹೆಚ್ಚು ಬೀಜ ಕಟ್ಟುತ್ತವೆಂದು ಲೆಕ್ಕ ಹಾಕಿ ತೋರಿಸಿದ.

ನೆಲಕ್ಕೆ ಗೊಬ್ಬರ ಹಾಕಿದರೆ ಗಿಡಕ್ಕೆ ಒಳ್ಳೆಯದಾಗಬೇಡವೇ ಎಂದು ಕೇಳಬಹುದು. ಆಗುವುದು ಅದರ ವಿರುದ್ಧ. ಮಣ್ಣು ಕೊಬ್ಬಿದರೆ ಹುಲ್ಲು ಮೊಳಕಾಲುದ್ದ ಬೆಳೆದು, ನೆರಳು ಸಹಿಸದ ಈ ಗಿಡವನ್ನು ಮುಚ್ಚಿಹಾಕುತ್ತದೆ. ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯವನ್ನೋ ನೆಟ್ಟರೂ ಅಷ್ಟೇ. ೧೯೫೦ರಲ್ಲಿ ವನಮಹೋತ್ಸವ ಮೊದಲಾದಂದಿನಿಂದ ನಾವು ಮರ ನೆಡುವುದನ್ನು ಪುಣ್ಯಕಾರ್ಯವೆಂದು ತಿಳಿದವರು, ನಾನೂ ತಿಳಿದಿದ್ದೇನೆ. ಆದರೆ ನೆಡಲು ಜಾಗ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಈ ಖರಾಬೇ.

ನಮ್ಮ ಸನತ್‌ನಗರದ ಪಕ್ಕದ ಬಾಲಾನಗರದಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರವಿದೆ. ಆಕಾಶದ ಉಪಗ್ರಹಗಳ ಚಿತ್ರಗಳಿಂದ 'ಪಾಳುಭೂಮಿ'ಯ ನಕ್ಷೆಸಂಪುಟ ಸಿದ್ಧವಾದದ್ದು ಅಲ್ಲಿಯವರ ದುಡಿಮೆಯಿಂದ. ೨೦೦೦ದ ಸಂಪುಟದ ಪ್ರಕಾರ ದೇಶದಲ್ಲಿ ಅಂಥ ಭೂಮಿ ಸುಮಾರು ೬.೩೮ ಕೋಟಿ ಹೆಕ್ಟೇರು, ಎಂದರೆ ಐದರಲ್ಲೊಂದು ಪಾಲು; ೨೦೧೯ರ ಸಂಪುಟದಲ್ಲಿ ಸುಮಾರು ೫.೫೭ ಕೋಟಿ. ಕುರುಚಲು ಬಯಲು, ಬರಿಬಂಡೆ, ಸವೆದ ಗೋಮಾಳ ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ. ನಕ್ಷೆ ಬರೆದವರನ್ನು ದೂರುವಂತಿಲ್ಲ; ಉಪಗ್ರಹದ ಕಣ್ಣಿಗೆ ನಾಣ್ಯದಗಲದ ಗಿಡ ಕಾಣುವುದಾದರೂ ಹೇಗೆ? ದೂರಬೇಕಾದ್ದು 'ಪಾಳು' ಎಂಬ ಹೆಸರನ್ನು. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲಿಗೆ ಈ ವಿಷಯದಲ್ಲಿ ಅದೃಷ್ಟವಿತ್ತು. ೨೦೨೧ರಲ್ಲಿ ಬೇಡವೆಂದಿದ್ದ ರಾಜ್ಯದ ವನ್ಯಜೀವಿ ಮಂಡಳಿ, ೨೦೨೨ರಲ್ಲಿ ಐದು ಸಾವಿರ ಎಕರೆಯಷ್ಟನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು.

ಮಳೆಗಾಲ ಹಿಂದೆಗೆದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಊರಿಗೆ ಹೋದವರು ಬಂಡೆಯ ಅಂಚಿನ ತೇವದ ನೆಲವನ್ನು ಕುಕ್ಕರುಗಾಲಿನಲ್ಲಿ ಕೂತು ನೋಡಿ. ಮೊದಲು ಕಾಣುವುದು ಕೆಂಪು ಬಣ್ಣ, ಆಮೇಲೆ ಹನಿ. ಹೂ ಬೇಕೆಂದರೆ ಬೆಳಗಿನ ಬಿಸಿಲಿನಲ್ಲಿಯೇ ಹೋಗಬೇಕು. ಕೆಲವೇ ಗಂಟೆಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮಕ್ಕಳು ಕಿತ್ತು ಮನೆಗೆ ತರುತ್ತೇವೆಂದರೆ ತಡೆಯಿರಿ: ಕುಂಡದ ಗೊಬ್ಬರದ ಮಣ್ಣು, ನಲ್ಲಿಯ ಗಡಸು ನೀರು, ಎರಡೂ ಇದಕ್ಕೆ ಆಗಿಬರುವುದಿಲ್ಲ.