ಉಗಿಯ ಪುಟ್ಟ ಬಾಯ್ಲರು

ಆಟಿಕೆಯ ಉಗಿಯಂತ್ರವು ಚಕ್ರ ತಿರುಗಿಸುವುದನ್ನು ಕಂಡು ಸಂತೋಷಪಡದವರಿಲ್ಲ. ಆದರೆ ಅದಕ್ಕೆ ಬಲವೀಯುವ ಬಾಯ್ಲರನ್ನು ಗಮನಿಸುವವರು ವಿರಳ. ಯಂತ್ರವು ಕೆಟ್ಟರೆ ಆಟ ನಿಲ್ಲುವುದು, ಅಷ್ಟೆ. ಬಾಯ್ಲರು ಕೆಟ್ಟರೆ ಕೈಗೂ ಕಣ್ಣಿಗೂ ಅಪಾಯ. ಒಂದು ಪಾಲು ನೀರು ಬಯಲಲ್ಲಿ ಉಗಿಯಾದರೆ ಸುಮಾರು 1,600 ಪಾಲು ಸ್ಥಳವನ್ನು ಬೇಡುತ್ತದೆ. ಆದುದರಿಂದ ಹೆಣ್ಣುಮಕ್ಕಳು ಇಂತಹ ಕೆಲಸಕ್ಕೆ ಕೈಯಿಕ್ಕಿದಾಗ ತಂದೆತಾಯಿಗಳು ಅವರನ್ನು ತಡೆಯದೆ, ಪ್ರತಿಯೊಂದು ಹೆಜ್ಜೆಗೂ ಕಾರಣವನ್ನು ಕೇಳಬೇಕೆಂದು ನಾವು ವಿನಂತಿಸುತ್ತೇವೆ.

ಮೊದಲನೆಯದು ಆಕಾರ. ಬೀದರಿನ ಬಳಿಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. 1461ರಲ್ಲಿ ಮಡಿದ ಹುಮಾಯೂನ್ ಶಹನ ಗೋರಿಯ ಗುಮ್ಮಟ ಒಡೆದು ನಿಂತಿರುವುದರಿಂದ, ಅದರ ಗೋಡೆಯ ಬಾಗನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು. ಗುಮ್ಮಟವು ಮೇಲಿನ ಭಾರವನ್ನು ತನ್ನ ಬಾಗಿನ ಮೂಲಕ ಕೆಳಗಿಳಿಸುತ್ತದೆ. ಬಾಯ್ಲರಿನಲ್ಲಿ ಒತ್ತಡವು ಒಳಗಿನಿಂದ ಹೊರಕ್ಕೆ. ಅಲ್ಲಿಯೂ ಬಾಗೇ ಬಲ. ಚಪ್ಪಟೆ ತಗಡು ಉಬ್ಬಿ ಬೆಸುಗೆಯನ್ನು ಕೀಳಲು ನೋಡುವುದು. ಆದುದರಿಂದ ಒಡಲು ದುಂಡು ಕೊಳವೆಯಾಗಿಯೂ ಎರಡು ಮುಚ್ಚಳಗಳು ಗುಮ್ಮಟದಂತೆ ಉಬ್ಬಿಯೂ ಇರತಕ್ಕದ್ದು.

ಎರಡನೆಯದು ಲೋಹ. ಬೀದರಿನ ಪ್ರಸಿದ್ಧ ಬಿದರಿ ಪಾತ್ರೆಯ ಲೋಹದಲ್ಲಿ ಸತುವೇ ಅಧಿಕ, ತಾಮ್ರ ಅತ್ಯಲ್ಪ. ಸತುವು 419 ಡಿಗ್ರಿ ಶಾಖದಲ್ಲಿಯೇ ಕರಗುವುದು. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಹೀಗಾಗಿ ಆ ಲೋಹ ಇಲ್ಲಿಗೆ ಸಲ್ಲದು. ಹಿತ್ತಾಳೆಯ ಸತುವನ್ನೂ ಬಿಸಿನೀರು ಕ್ರಮೇಣ ತಿನ್ನುವುದು. ತಾಮ್ರವೇ ಯೋಗ್ಯ.

75 ಮಿಲಿಮೀಟರು ವ್ಯಾಸ, 2 ಮಿಲಿಮೀಟರು ದಪ್ಪ, 150 ಮಿಲಿಮೀಟರು ಉದ್ದದ ಕೊಳವೆಯನ್ನು ತೆಗೆದುಕೊಳ್ಳೋಣ. ಇದು ಸುಮಾರು 600 ಮಿಲಿಲೀಟರು ಹಿಡಿಯುವುದು. ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಮು ಒತ್ತಡವಿದ್ದರೆ, ಒತ್ತಡವನ್ನು ವ್ಯಾಸದಿಂದ ಗುಣಿಸಿ ದಪ್ಪದ ಇಮ್ಮಡಿಯಿಂದ ಭಾಗಿಸಲು, ತಾಮ್ರದ ಮೇಲಿನ ಎಳೆತ ಚದರ ಸೆಂಟಿಮೀಟರಿಗೆ 37.5 ಕಿಲೋಗ್ರಾಮು. ತಾಮ್ರ ಹರಿಯಬೇಕಾದರೆ ಸುಮಾರು 2,000 ಬೇಕು. ಆದರೆ ಈ ಲೆಕ್ಕ ಕೊಳವೆಯದು ಮಾತ್ರ; ಬೆಸುಗೆಯ ಬಲವು ಬೆಸೆದ ಕೈಯನ್ನು ಅವಲಂಬಿಸಿದೆ.

ಮುಚ್ಚಳದ ತಗಡನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮೆತ್ತಗಾಗುವುದು. ಅದನ್ನು ಗಟ್ಟಿ ಮರದ ಅಚ್ಚಿನ ಮೇಲೆ ಬಡಿದು ಅಂಚು ಮಡಿಸಬೇಕು. ಬಡಿದಂತೆ ಮತ್ತೆ ಬಿರುಸಾಗುವುದರಿಂದ ಆಗಾಗ ಕಾಯಿಸಬೇಕು. ಉಗಿಯ ನಳಿಗೆ, ನೀರು ತುಂಬುವ ಬಾಯಿ, ನೀರಿನ ಮಟ್ಟ ತೋರುವ ಗಾಜು, ರಕ್ಷಣಾ ಕವಾಟ ಇವುಗಳಿಗೆ ಕಂಚಿನ ತಿರುಪುಬಾಯಿಗಳನ್ನು ಕೂರಿಸಿ, ಬಿಳಿಗಾರ ಹಚ್ಚಿ, ಬೆಳ್ಳಿ ಬೆಸುಗೆ ಹಾಕತಕ್ಕದ್ದು. 2 ಕಿಲೋಗ್ರಾಮು ಒತ್ತಡದಲ್ಲಿ ನೀರು ಸುಮಾರು 133 ಡಿಗ್ರಿಯಲ್ಲಿ ಕುದಿಯುವುದು. ಸೀಸ-ತವರದ ಬೆಸುಗೆ 183ರಲ್ಲಿಯೇ ಕರಗತೊಡಗುವುದು. ನೀರು ಬತ್ತಿದರೆ ಆ ಅಂತರ ಕ್ಷಣದಲ್ಲಿ ಅಳಿಯುವುದು. ಈ ಕೆಲಸಕ್ಕೆ ಅನುಭವಿ ಅಕ್ಕಸಾಲಿಗರ ಅಥವಾ ಕಂಚುಗಾರರ ನೆರವು ಪಡೆಯುವುದು ಲೇಸು.

ಒಲೆಗಿಡುವ ಮೊದಲು ಪರೀಕ್ಷೆ. ಬಾಯ್ಲರಿನಲ್ಲಿ ಗಾಳಿಯಿಲ್ಲದಂತೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು 4 ಕಿಲೋಗ್ರಾಮಿಗೆ ಏರಿಸಿ ಅರ್ಧ ಗಂಟೆ ನೋಡಬೇಕು. ನೀರು ಅದುಮಿದರೂ ಕುಗ್ಗುವುದು ಅತ್ಯಲ್ಪವಾದುದರಿಂದ ಬೆಸುಗೆ ಬಿಟ್ಟರೆ ಹನಿ ಸೋರಿ ಒತ್ತಡ ಇಳಿಯುವುದೇ ಹೊರತು ಪಾತ್ರೆ ಸಿಡಿಯದು. ಗಾಳಿ ತುಂಬಿ ಪರೀಕ್ಷಿಸಲೇ ಕೂಡದು.

ಬಳಿಕ ಮುಕ್ಕಾಲು ಪಾಲು ಸೋಸಿದ ಮಳೆನೀರು ತುಂಬಿ, ಸ್ಪಿರಿಟ್ ದೀಪ ಹಚ್ಚಬಹುದು. ಕವಾಟವು 2 ಕಿಲೋಗ್ರಾಮಿಗೆ ತಾನಾಗಿ ತೆರೆಯುವುದೇ ಎಂದು ನೋಡಬೇಕು. 1679ರಲ್ಲಿ ಡೆನಿ ಪಾಪೆನ್ ಎಂಬ ವಿದ್ವಾಂಸನು ಲಂಡನ್ನಿನಲ್ಲಿ ತೋರಿಸಿದ ಬಿಗಿಮುಚ್ಚಳದ ಅಡುಗೆಪಾತ್ರೆಯೇ ಇಂದಿನ ಕುಕ್ಕರಿನ ಮೂಲ. ಅದರ ಕವಾಟವನ್ನು ಅರಿತ ಗೃಹಿಣಿಗೆ ಇದು ಹೊಸತಲ್ಲ.

1923ರ ಬಾಯ್ಲರು ಕಾಯಿದೆಯ ಬದಲಿಗೆ 2025ರಲ್ಲಿ ಹೊಸ ಕಾಯಿದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆ ಅದರ ಅಧೀನಕ್ಕೆ ಬಾರದು. ನಮ್ಮ ಪುಟ್ಟ ಬಾಯ್ಲರನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಕಟ್ಟಿದವಳೇ ಪರೀಕ್ಷಕಳು, ಆ ಹೊಣೆಯನ್ನು ಹೊರಲು ಕಲಿತ ಬಾಲಕಿಯು ಯಂತ್ರಕ್ಕಿಂತ ದೊಡ್ಡದೊಂದನ್ನು ಕಲಿತಂತೆಯೇ ಸರಿ.