ಒಂದೇ ಸೀಟು, ನಾವಿಬ್ಬರು

ಮದುವೆಯಾಗಿ ಹದಿನೈದು ದಿನವಷ್ಟೇ. ಯಡ್ತರೆಯ ಮನೆ ಬಿಟ್ಟು ಮುಂಬೈಗೆ ಹೊರಟಿದ್ದೆ. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಮತ್ಸ್ಯಗಂಧಾ ಹತ್ತುವವರೆಗೂ ಅಳು ತಡೆದುಕೊಂಡೆ. ಒಳಗೆ ಇನ್ನೊಂದು ಫಜೀತಿ! ನಮ್ಮದು ಆರ್‌ಎಸಿ ಟಿಕೆಟ್. ಸ್ಲೀಪರ್ ಬೋಗಿಯ ಸೈಡ್ ಲೋವರ್ ಬರ್ತ್ ಒಂದೇ, ಕೂರುವವರು ಇಬ್ಬರು. ಸರಿಯಾಗಿ ಮಾತೂ ಆಡದ ಗಂಡನೆದುರು ರಾತ್ರಿಯಿಡೀ ಮೊಣಕಾಲು ಮಡಚಿ ಕೂರಬೇಕಲ್ಲ!

ಹೊನ್ನಾವರದಲ್ಲಿ ಎರಡು ಕಿ.ಮೀ. ಉದ್ದದ ಶರಾವತಿ ಸೇತುವೆ ದಾಟಿದ ಮೇಲೆ ಅಮ್ಮನ ಫೋನ್ ಬಂತು. ಸುರಂಗ ಸಿಕ್ಕಿ ಕರೆ ಕಟ್ಟಾಯಿತು. ಅಳು ಉಕ್ಕಿತು. ಅವರು ಅಮ್ಮ ಕಟ್ಟಿಕೊಟ್ಟ ಕೊಟ್ಟೆ ಕಡುಬು ಬಿಚ್ಚಿ ಮುಂದಿಟ್ಟು, “ಮೊದ್ಲ್ ಸಲ ಹೋಪತಿಗೆ ನಾನೂ ಕಾರವಾರದ ತನ್ಕ ಮರ್ಕಿದ್ದೆ” ಅಂದರು. ನಗು ಬಂತು.

ಮಡಗಾಂವ್ ದಾಟಿದ ಮೇಲೆ ಟಿಟಿಇ ಬಂದು, ಬೇರೆ ಬೋಗಿಯಲ್ಲಿ ಒಂದು ಬರ್ತ್ ಖಾಲಿಯಿದೆ, ಒಬ್ಬರು ಹೋಗಬಹುದು ಎಂದರು.

“ನೀ ಹೋಯಿ ಮನಿಕೊ.”

“ಬ್ಯಾಡ, ನಾ ಇಲ್ಲೇ ಕೂಕಂತೆ.”

ರತ್ನಾಗಿರಿಯಾಚೆ ಆರೂವರೆ ಕಿ.ಮೀ. ಉದ್ದದ ಕರಬುಡೆ ಸುರಂಗದಲ್ಲೂ ನಮ್ಮ ಮಾತು ನಿಂತಿರಲಿಲ್ಲ.

ಈಗ ಮೊದಲೇ ಬುಕ್ ಮಾಡುತ್ತೇವೆ. ಮೇಲೊಬ್ಬರು, ಕೆಳಗೊಬ್ಬರು. ನಿದ್ದೆ ಚೆನ್ನಾಗಿ ಬರುತ್ತದೆ. ಅಷ್ಟು ಮಾತು ಮಾತ್ರ ಮತ್ತೆ ಆಡಿಲ್ಲ.