‘ರಿಕೆಟಿ’ ಎಂಬ ಮಾತು

ವನದುರ್ಗದ ಕೋಟೆಯನ್ನು ನೋಡಿಬಂದ ವಿದ್ಯಾರ್ಥಿಯೊಬ್ಬನು ಅದರ ಗೋಡೆಯನ್ನು ಇಂಗ್ಲಿಷಿನಲ್ಲಿ ‘ರಿಕೆಟಿ’ ಎಂದು ವರ್ಣಿಸಬಹುದೇ ಎಂದು ನಮ್ಮನ್ನು ಕೇಳಿದನು. ಸಲ್ಲದೆಂದೆವು. ಆ ಶಬ್ದಕ್ಕೆ ‘ಅಸ್ಥಿರ’ವೆಂದು ಅರ್ಥ ಹೇಳುವುದುಂಟು, ಆದರೆ ಅಸ್ಥಿರವಾದುದೆಲ್ಲವೂ ರಿಕೆಟಿಯಲ್ಲ. ಹಲವು ಭಾಗಗಳನ್ನು ಕೂಡಿಸಿ ಮಾಡಿದ ವಸ್ತುವಿನ ಕೀಲುಗಳು ಸಡಿಲವಾಗಿ, ಭಾರ ಬಿದ್ದೊಡನೆ ಮುರಿದೀತೆಂಬ ಅಂಜಿಕೆ ಹುಟ್ಟಿದಾಗ ಆ ಮಾತು ಒಪ್ಪುತ್ತದೆ. ಏಣಿ, ಕುರ್ಚಿ, ಮಂಚ, ಮರದ ಸೇತುವೆ ಇವು ರಿಕೆಟಿಯಾಗಬಲ್ಲವು. ‘ಲಟಾರಿ ಗಾಡಿ’ ಎನ್ನುತ್ತೇವಲ್ಲ, ಆ ಲಟಾರಿಯೇ ಇದಕ್ಕೆ ಸಮೀಪ. ಕಲ್ಲಿನ ಕೋಟೆ ಬಿರಿದೀತು, ಕುಸಿದೀತು, ಲಟಾರಿಯಾಗದು. ಒಂದು ಕಾಲು ಗಿಡ್ಡಾದ ಮೇಜು ‘ವಾಬ್ಲಿ’, ಮುದುಕರ ನಡುಗುವ ಕೈ ‘ಷೇಕಿ’. ಇವೆಲ್ಲವನ್ನೂ ಒಂದೇ ಸಂಸ್ಕೃತ ಪದದಿಂದ ಮುಚ್ಚಿಬಿಡುವುದು ಸಂಸ್ಕೃತವನ್ನೇ ಓದಿ ಬೆಳೆದ ನಮಗೂ ಸಮ್ಮತವಲ್ಲ.

ಕುರ್ಚಿಯ ಮಾತು ಹಾಗಿರಲಿ. ಈ ಶಬ್ದದ ಹುಟ್ಟಿನಲ್ಲಿರುವುದು ಕೂಸಿನ ಸಂಕಟ. ‘ರಿಕೆಟ್ಸ್’ ಎಂಬುದು ಎಳೆಯ ಎಲುಬುಗಳು ಗಟ್ಟಿಗೊಳ್ಳದೆ ಬಾಗುವ ರೋಗ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಂಡುಬಂದ ಅದನ್ನು ಕುರಿತು ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯನು 1650ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಕಾಲು ಸೊಟ್ಟಗಾಗಿ ತೂರಾಡುವ ಮಗುವನ್ನು ಸೂಚಿಸಿದ ಮಾತೇ ಮುಂದೆ ಮನೆಯ ಸಾಮಾನಿಗೂ ಅಂಟಿಕೊಂಡಿತು. ನಮ್ಮ ಕಾಶ್ಯಪಸಂಹಿತೆಯೂ ವರ್ಷ ತುಂಬಿದರೂ ಕಾಲಿನಿಂದ ನಡೆಯದ ಶಿಶುವನ್ನು ‘ಫಕ್ಕ’ವೆಂದು ಕರೆದು, ನಡಿಗೆಯ ಅಭ್ಯಾಸಕ್ಕಾಗಿ ಮೂರು ಗಾಲಿಯ ಬಂಡಿಯನ್ನು ವಿಧಿಸಿದೆ. ಎರಡೂ ಒಂದೇ ರೋಗವೆಂದು ನಾವು ಸಾಧಿಸಹೊರಟಿಲ್ಲ. ಫಕ್ಕದ ವ್ಯಾಪ್ತಿ ದೊಡ್ಡದು. ಆದರೂ ಅಂಗಳದಲ್ಲಿ ಕೂಸು ಮರದ ಬಂಡಿಯನ್ನು ತಳ್ಳಿಕೊಂಡು ಹೆಜ್ಜೆಯಿಡುವುದನ್ನು ಕಂಡಾಗ ಆ ಋಷಿಯ ನೆನಪು ಬಾರದಿರದು.

ರಿಕೆಟ್ಸಿಗೆ ಮುಖ್ಯ ಕಾರಣ ‘ಡಿ’ ಜೀವಸತ್ವದ, ಇಲ್ಲವೆ ಸುಣ್ಣದಂಶದ ಕೊರತೆ. ಬಿಸಿಲು ಚರ್ಮಕ್ಕೆ ತಗುಲಿದರೆ ಆ ಸತ್ವವು ಮೈಯಲ್ಲಿಯೇ ಹುಟ್ಟುತ್ತದೆ. ಶಹಾಪುರ, ಸುರಪುರಗಳ ಸೀಮೆಯಲ್ಲಿ ಬಿಸಿಲಿಗೆ ಬರವೆಲ್ಲಿಯದು? ಆದರೂ ದೃಷ್ಟಿ ತಾಕೀತೆಂದು, ಬಣ್ಣ ಕಂದೀತೆಂದು ಕೂಸನ್ನು ಒಳಮನೆಯಲ್ಲಿಯೇ ಇರಿಸುವವರುಂಟು. ಮುಂದೆ ಅದು ನಡೆಯಲು ತಡಮಾಡಿದರೆ ‘ಸೋಮಾರಿ’ ಎಂಬ ಹೆಸರು ಬೇರೆ! ವರ್ಷಕ್ಕೆ ನಡೆಯದ ಮಗುವೆಲ್ಲ ರೋಗಿಯಲ್ಲ. ಆದರೆ 18 ತಿಂಗಳಾದರೂ ಹೆಜ್ಜೆಯಿಡದಿದ್ದರೆ, ಕಾಲು ಬರಬರುತ್ತ ಹೆಚ್ಚು ಬಾಗುತ್ತಿದ್ದರೆ, ಮಣಿಕಟ್ಟು ದಪ್ಪಗಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಔಷಧದ ಅಳತೆಯನ್ನು ಅವರೇ ಹೇಳಬೇಕು. ಮಿತಿಮೀರಿದರೆ ಆ ‘ಡಿ’ ಸತ್ವವೂ ಕೂಸಿಗೆ ಕೇಡನ್ನೇ ಮಾಡುತ್ತದೆ.